ಬರುವವರಿಗೆ ಮುಚ್ಚಿಟ್ಟ ಊಟ

ಹೋದ ವರ್ಷ ಮಹಾಲಯ ಅಮಾವಾಸ್ಯೆ ಭಾನುವಾರ ಬಂದಿತ್ತು. ಒಂದು ಸರ್ಕಾರಿ ರಜೆ ದಂಡವಾಯಿತಲ್ಲ ಎಂದು ನಮ್ಮ ಯಜಮಾನರು ಕ್ಯಾಲೆಂಡರಿನ ಮುಂದೆ ನಿಂತು ಪೇಚಾಡಿಕೊಂಡದ್ದು ನನಗೆ ಚೆನ್ನಾಗಿ ನೆನಪಿದೆ. ಆ ದಿನ ನಮ್ಮ ಮನೆಯ ಮಹಡಿಯ ಮೇಲೆ ನಡೆದದ್ದನ್ನು ನಾನು ಇದುವರೆಗೆ ಯಾರಿಗೂ ಪೂರ್ತಿಯಾಗಿ ಹೇಳಿಲ್ಲ. ಹೇಳಲು ಹೋದರೆ ಅರ್ಧಕ್ಕೇ ನಿಲ್ಲಿಸಿ ಬೇರೆ ಮಾತು ತೆಗೆಯುತ್ತೇನೆ. ಬರೆಯುವುದಾದರೆ ನಿಧಾನವಾಗಿ ಬರೆಯಬಹುದು, ನಡುವೆ ಎದ್ದು ಹೋಗಿ ಮುಖ ತೊಳೆದುಕೊಂಡೂ ಬರಬಹುದು.

ನಮ್ಮ ಮನೆ ಜರಗನಹಳ್ಳಿಯಲ್ಲಿ, ಕನಕಪುರ ರಸ್ತೆಯಿಂದ ಸ್ವಲ್ಪ ಒಳಗೆ. ಅತ್ತೆಯವರು ಮದುವೆಯಾಗಿ ಬಂದಾಗ ಸುತ್ತ ರಾಗಿ ಹೊಲವಿತ್ತಂತೆ. ನಾನು ಬರುವ ಹೊತ್ತಿಗೆ ಹೊಲ ಹೋಗಿ ಸೈಟುಗಳಾಗಿದ್ದವು. ಈಗ ಎಲ್ಲಿ ನೋಡಿದರೂ ಬಾಡಿಗೆ ಮನೆಗಳು. ನಮ್ಮದೂ ಹಾಗೆಯೇ, ಕೆಳಗೆ ನಾವು, ಮೇಲೆ ಬಾಡಿಗೆಯವರು. ನಾನು ಸೀರೆಗೆ ಕುಚ್ಚು ಹಾಕಿಕೊಡುತ್ತೇನೆ. ಮಧ್ಯಾಹ್ನ ಊಟವಾದ ಮೇಲೆ ಮಹಡಿಯ ಮೆಟ್ಟಿಲಲ್ಲಿ, ಬೆಳಕು ಬೀಳುವ ಕಡೆ, ಸೀರೆಯ ಸೆರಗನ್ನು ಮಡಿಲಿಗೆ ಹಾಕಿಕೊಂಡು ಕೂತರೆ ಕೈ ತನ್ನಷ್ಟಕ್ಕೆ ಗಂಟು ಹಾಕುತ್ತ ಹೋಗುತ್ತದೆ. ಮನಸ್ಸು ಎಲ್ಲಿಗೋ ಹೋಗಿರುತ್ತದೆ. ಕಣ್ಣು ಬಿಟ್ಟುಕೊಂಡು ನಿದ್ದೆ ಮಾಡುವುದನ್ನು ನಿನ್ನಿಂದ ಕಲಿಯಬೇಕು ಎಂದು ಯಜಮಾನರು ಆಗಾಗ ಚುಡಾಯಿಸುತ್ತಾರೆ.

ಅದೇ ವರ್ಷದ ಬೇಸಿಗೆಯಲ್ಲಿ ಮೇಲಿನ ಮನೆಗೆ ಲಿಲ್ಲಿ ಮಿಸ್ ಬಂದರು. ಒಂಟಿ ಹೆಂಗಸು, ಕೊಳ್ಳೇಗಾಲದ ಕಡೆಯ ಕ್ರಿಶ್ಚಿಯನ್ ಮನೆತನ, ಶಾಲೆಯಲ್ಲಿ ಕನ್ನಡ ಪಾಠ ಮಾಡಿ ರಿಟೈರಾದವರು. ಹಿಂದಿನ ರೂಮಿನಲ್ಲಿ ತಾವು ಇರುವುದಾಗಿಯೂ, ಮುಂದಿನ ಹಾಲಿನಲ್ಲಿ ಒಂದಷ್ಟು ಫೋಟೋ, ಸಾಮಾನು ಇಡುವುದಾಗಿಯೂ ಹೇಳಿದರು. ಏನು ಸಾಮಾನು ಎಂದು ಯಜಮಾನರು ಕೇಳಿದಾಗ ಮುಚ್ಚುಮರೆಯಿಲ್ಲದೆ ಎಲ್ಲ ವಿವರಿಸಿದರು.

ಪೂರ್ವದ ಕಡೆಯ ಒಂದು ಗುಡ್ಡಗಾಡಿನಲ್ಲಿ ಬಹಳ ವರ್ಷಗಳ ಹಿಂದೆ ಕ್ರಿಶ್ಚಿಯನ್ನರ ಮೇಲೆ ದೊಡ್ಡ ಗಲಭೆಯಾಗಿತ್ತಂತೆ. ಊರೂರೇ ಹೊತ್ತಿಸಿದ್ದರಂತೆ. ಕಾಡಿಗೆ ಓಡಿ ಬದುಕಿಕೊಂಡವರಲ್ಲಿ ಎಷ್ಟೋ ಜನ ಆಮೇಲೆ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಬಂದರು. ಮಡಿವಾಳದಲ್ಲಿ, ಉತ್ತರಹಳ್ಳಿಯಲ್ಲಿ ರೂಮು ಮಾಡಿಕೊಂಡು ಸೆಕ್ಯುರಿಟಿ, ಹೋಟೆಲು, ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದಾರೆ. ಲಿಲ್ಲಿ ಮಿಸ್ ಅವರಿಗೆ ಭಾನುವಾರ ಸಂಜೆ ಚರ್ಚಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದರು. ಬಸ್ಸಿನಲ್ಲಿ ಏನು ಕೇಳಬೇಕು, ತರಕಾರಿ ಅಂಗಡಿಯಲ್ಲಿ ಏನು ಕೇಳಬೇಕು, ಅಂಥದ್ದು. ಒಂದು ದಿನ ‘ನನ್ನ ಮನೆ’ ಎಂದು ನಾಲ್ಕು ವಾಕ್ಯ ಹೇಳಿ ಅಂದರೆ, ಒಬ್ಬಾಕೆ ಎದ್ದು ನಿಂತು, ‘ನನ್ನ ಮನೆಗೆ ಬೆಂಕಿ ಹಾಕಿದರು’ ಎಂದು ತಪ್ಪಿಲ್ಲದ ಕನ್ನಡದಲ್ಲಿ ಹೇಳಿ ಕೂತಳಂತೆ. ಅವತ್ತಿನಿಂದ ಮಿಸ್ ಪಾಠ ಬಿಟ್ಟು ಅವರ ಮಾತು ಕೇಳಿಸಿಕೊಳ್ಳಲು ಶುರು ಮಾಡಿದರು. ಅವರ ಭಾಷೆ ಕಲಿತುಕೊಂಡು ರೆಕಾರ್ಡು ಮಾಡಿಟ್ಟರು. ಅಳಿದುಳಿದ ಫೋಟೋಗಳನ್ನು ದೊಡ್ಡದು ಮಾಡಿಸಿದರು. ಅದೆಲ್ಲ ಸೇರಿದ್ದೇ ನಮ್ಮ ಮಹಡಿಯ ಆ ಹಾಲು. ಮಿಸ್ ಅದನ್ನು ನೆನಪಿನ ಕೋಣೆ ಎಂದು ಕರೆಯುತ್ತಿದ್ದರು.

ನಮ್ಮ ಭಾವನವರಿಗೆ ಇದು ಸರಿಬರಲಿಲ್ಲ. “ಅಲ್ಲೇನ್ ನಡೀತದೋ ಏನೋ, ಸ್ವಲ್ಪ ವಿಚಾರಿಸ್ಕೊ” ಎಂದು ತಮ್ಮನಿಗೆ ಫೋನು ಮಾಡಿದರು. ವಿಚಾರಿಸಲು ಅತ್ತೆಯವರೇ ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಅತ್ತೆಯವರ ಹೆಸರು ನಂಜಮ್ಮ. ವಿಚಾರಣೆಯಲ್ಲಿ ಪೊಲೀಸರೂ ಅವರ ಮುಂದೆ ನಿಲ್ಲಲಾರರು. ಮೇಲೆ ಗೋಡೆಯುದ್ದಕ್ಕೂ ಫೋಟೋಗಳು. ಮುದುಕಿಯರು, ಮೀಸೆ ಬರದ ಹುಡುಗರು, ಮದುವೆ ಸೀರೆಯಲ್ಲಿ ಒಬ್ಬಳು. ಮೇಜಿನ ಮೇಲೆ ಅಂಚು ಸುಟ್ಟ ಬೈಬಲ್ಲು, ಬೆಂಕಿಗೆ ಕರಗಿ ಸೊಟ್ಟಗಾದ ಒಂದು ಗಂಟೆ. ಅತ್ತೆ ಎಲ್ಲವನ್ನೂ ನೋಡಿದರು.

“ಇವರೆಲ್ಲ ಹೋದೋರಾ?” ಎಂದು ಕೇಳಿದರು.

“ಹೂಂ, ಎಲ್ಲರೂ ಹೋದೋರೇ ಅಮ್ಮ” ಎಂದರು ಮಿಸ್.

ಅತ್ತೆ ಕೆಳಗೆ ಬಂದು ದೊಡ್ಡ ಮಗನಿಗೆ ಫೋನು ಮಾಡಿ, “ಅಲ್ಲಿ ಸತ್ತೋರವ್ರೆ, ಬದುಕಿರೋರ ಸುದ್ದಿ ಇದ್ರೆ ಹೇಳು” ಎಂದು ಇಟ್ಟುಬಿಟ್ಟರು. ಅಲ್ಲಿಗೆ ಆ ವಿಷಯ ಮುಗಿಯಿತು.

ಮಧ್ಯಾಹ್ನ ನಾನು ಕುಚ್ಚು ಹಾಕುತ್ತ ಕೂತಾಗ ಮೇಲಿನಿಂದ ರೆಕಾರ್ಡಿನ ದನಿ ಕೇಳುತ್ತಿತ್ತು. ಮಿಸ್ ಒಂದೊಂದನ್ನೇ ಹಾಕಿ ಕೇಳುತ್ತ ಕನ್ನಡಕ್ಕೆ ಬರೆದುಕೊಳ್ಳುತ್ತಿದ್ದರು. ನನಗೆ ಆ ಭಾಷೆಯ ಒಂದಕ್ಷರವೂ ತಿಳಿಯದು. ಮೆತ್ತಗಿನ ಹೆಂಗಸರ ದನಿ, ನಡುವೆ ಎಲ್ಲೋ ಕೋಳಿ ಕೂಗಿದ ಸದ್ದು, ಯಾರೋ ಕೆಮ್ಮಿದ್ದು. ಯಾವುದೋ ಅಡುಗೆ ಹೇಳಿಕೊಡುತ್ತಿದ್ದಾರೆ ಎನ್ನುವ ಹಾಗೆ ಕೇಳುತ್ತಿತ್ತು. ಕೇಳುತ್ತ ಕೇಳುತ್ತ ಎಷ್ಟೋ ದಿನ ಗೋಡೆಗೊರಗಿ ನಿಜವಾಗಿಯೇ ನಿದ್ದೆ ಹೋಗಿದ್ದೇನೆ. ನಿದ್ದೆಯಲ್ಲಿ ನಾನು ನೋಡಿಲ್ಲದ ಗುಡ್ಡಗಳು, ಮಂಜು, ಕಾಲುದಾರಿಯಲ್ಲಿ ಸಾಲಾಗಿ ಹೋಗುವ ಜನ ಬರುತ್ತಿದ್ದರು. ಒಂದು ದಿನ ಮಿಸ್ಸನ್ನು, “ಆ ನಿನ್ನೆಯ ಅಜ್ಜಿ ಏನ್ ಹೇಳ್ತಿದ್ರು ಮಿಸ್, ಅಷ್ಟು ಚೆನ್ನಾಗಿ?” ಎಂದು ಕೇಳಿದೆ. ಮಳೆಯಲ್ಲಿ ಮರದ ಬುಡದಲ್ಲಿ ಅಡಗಿ ಕೂತಾಗ ಮೊಮ್ಮಗು ಅಳದಂತೆ ಬಾಯಿ ಮುಚ್ಚಿ ಹಿಡಿದಿದ್ದೆ, ಎಷ್ಟು ಹೊತ್ತು ಹಿಡಿದೆನೋ ತಿಳಿಯಲಿಲ್ಲ ಎಂದು ಹೇಳುತ್ತಿದ್ದಾರೆ ಎಂದರು. ಮಗು ಬದುಕಿತಾ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಆಮೇಲೆ ಆ ದನಿಗಳನ್ನು ಕೇಳುತ್ತ ನನಗೆ ನಿದ್ದೆ ಬರುವುದು ನಿಂತುಹೋಯಿತು.

ಶ್ರಾವಣದಲ್ಲಿ ಪ್ರಮಿಳಾ ಬರಲಾರಂಭಿಸಿದಳು. ಅದೇ ಗುಡ್ಡಗಾಡಿನವಳು, ನಲವತ್ತರ ಆಸುಪಾಸು. ಜಯನಗರದಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ. ಅವಳ ಕನ್ನಡವೆಲ್ಲ ಆ ಅಜ್ಜಿಯ ಮನೆಯಲ್ಲಿ ಕಲಿತದ್ದು. ಊಟ ಆಯ್ತಾ, ಮಾತ್ರೆ ತಗೊಂಡ್ರಾ, ಸ್ವಲ್ಪ ತಿರುಗಿ ಮಲ್ಕೊಳಿ, ಇಂಥ ಮಾತು ಚೆನ್ನಾಗಿ ಬರುತ್ತಿತ್ತು. ಮಿಕ್ಕಿದ್ದು ತಡವರಿಸಿಕೊಂಡು. ಭಾನುವಾರ ಬರುವಳು, ಮಿಸ್ ರೆಕಾರ್ಡರು ತೆಗೆದರೆ ಬೇಡ ಎಂದು ತಲೆಯಾಡಿಸುವಳು, ಮೆಟ್ಟಿಲಿಗೆ ಬಂದು ನನ್ನ ಪಕ್ಕ ಕೂತು ರೇಷ್ಮೆ ದಾರದ ತುದಿ ಹಿಡಿದುಕೊಳ್ಳುವಳು. ನಾವಿಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ದಾರ ಹಿಡಿಯುವವರು ಒಬ್ಬರಿದ್ದರೆ ಕೆಲಸ ಬೇಗ ಸಾಗುತ್ತದೆ ಎಂದು ನಾನು ಅಂದುಕೊಂಡೆ. ಅವಳು ಏನಂದುಕೊಂಡಳೋ ಗೊತ್ತಿಲ್ಲ.

ಅವಳ ಗಂಡನ ಹೆಸರು ಬಿಪಿನ್. ಊರಿಗೆ ಊರೇ ಕಾಡಿನೊಳಗೆ ಓಡುವಾಗ, ಕೊಟ್ಟಿಗೆಯಲ್ಲಿ ದನ ಕಟ್ಟಿಹಾಕಿದ್ದು ಅವನಿಗೆ ನೆನಪಾಯಿತಂತೆ. ಹಗ್ಗ ಬಿಚ್ಚಿ ಬರುತ್ತೇನೆ ಎಂದು ಹಿಂದಕ್ಕೆ ಹೋದ. ಆಮೇಲೆ ಅವನನ್ನು ಕಂಡವರಿಲ್ಲ. ಹೆಣವೂ ಸಿಗಲಿಲ್ಲ. ದನಗಳು ಮಾತ್ರ ಕುತ್ತಿಗೆಯಲ್ಲಿ ತುಂಡು ಹಗ್ಗವೂ ಇಲ್ಲದೆ ಮಾರನೆಯ ದಿನ ಕಾಡಿನಂಚಿನಲ್ಲಿ ಮೇಯುತ್ತಿದ್ದವಂತೆ. ಅಂದರೆ ಬಿಚ್ಚಿದ್ದು ನಿಜ. ಬಿಚ್ಚಿದವನು ಎಲ್ಲಿ? ಅವಳು ಇಷ್ಟು ವರ್ಷ ಆ ಒಂದು ಮಾತನ್ನು ಹಿಡಿದುಕೊಂಡು ಬದುಕಿದ್ದಳು. ಹಗ್ಗ ಬಿಚ್ಚಲು ಪುರುಸೊತ್ತು ಸಿಕ್ಕಿತೆಂದರೆ ಓಡಲೂ ಸಿಕ್ಕಿರಬೇಕು ಎನ್ನುವುದು ಅವಳ ಲೆಕ್ಕ.

ಭಾದ್ರಪದದ ಹೊತ್ತಿಗೆ ಅವಳು ಬಿಪಿನ್‌ನ ಫೋಟೋ ತಂದುಕೊಟ್ಟಳು. ಅವಳ ಹತ್ತಿರ ಇದ್ದದ್ದು ಅದೊಂದೇ. ಕೊಡುವಾಗ ಒಂದು ಮಾತು ಹಾಕಿದಳು. “ಸತ್ತವರ ಜೊತೆ ಬೇಡ ಮಿಸ್. ಇವರು ಸತ್ತಿಲ್ಲ. ಬೇರೆ ಜಾಗ.” ಮಿಸ್ ಮಾತು ಕೊಟ್ಟರು. ಹಾಲಿನಲ್ಲಿ ಬೇರೆ ಗೋಡೆ ಎಲ್ಲಿಂದ ತರುವುದು? ಸಾಲು ಮುಗಿದ ಮೇಲೆ ಒಂದು ಮೊಳದಷ್ಟು ಜಾಗ ಬಿಟ್ಟು, ಕಿಟಕಿಯ ಪಕ್ಕ ಅವನೊಬ್ಬನನ್ನೇ ತೂಗುಹಾಕಿದರು. ಪ್ರಮಿಳಾ ಆ ಖಾಲಿ ಜಾಗಕ್ಕೆ ಅಂಗೈ ಇಟ್ಟು ನೋಡಿ ಸಮಾಧಾನ ಪಟ್ಟುಕೊಂಡಳು. ಮುಂದಿನ ಭಾನುವಾರ ಚರ್ಚಿನಿಂದ ನೇರ ಬರುತ್ತೇನೆ, ರೆಕಾರ್ಡಿಗೆ ಮಾತಾಡುತ್ತೇನೆ ಎಂದೂ ಹೇಳಿ ಹೋದಳು. ಆ ಮುಂದಿನ ಭಾನುವಾರವೇ ಅಮಾವಾಸ್ಯೆ.

ಈಗ ನಮ್ಮ ಮನೆಯ ಪದ್ಧತಿ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಬದುಕಿರುವವರ ಫೋಟೋ ಶೋಕೇಸಿನಲ್ಲಿರುತ್ತದೆ, ಆಲ್ಬಮ್ಮಿನಲ್ಲಿರುತ್ತದೆ, ಫೋನಿನಲ್ಲಂತೂ ಬೇಕಾದಷ್ಟಿರುತ್ತದೆ. ಗೋಡೆಗೆ ಮೊಳೆ ಹೊಡೆದು ಹಾಕಬೇಕಾದರೆ ಆ ಮನುಷ್ಯ ಹೋಗಿರಬೇಕು. ಒಂದು ಸಲ ಯಜಮಾನರು ತಮ್ಮ ಸನ್ಮಾನದ ಫೋಟೋವನ್ನು ಗೋಡೆಗೆ ಹಾಕಲು ಹೋಗಿ ಅತ್ತೆಯವರಿಂದ ಚೆನ್ನಾಗಿ ಬೈಸಿಕೊಂಡಿದ್ದರು. ಮಹಾಲಯ ಅಮಾವಾಸ್ಯೆಯ ದಿನ ಗೋಡೆಯ ಮೇಲಿನ ಹಿರಿಯರಿಗೆ ಕುಂಕುಮ ಇಟ್ಟು, ಹೂವು ಹಾಕಿ, ಅವರು ಇಷ್ಟಪಟ್ಟು ತಿನ್ನುತ್ತಿದ್ದದ್ದನ್ನೆಲ್ಲ ಮಾಡಿ ಎಲೆಯಲ್ಲಿ ಎಡೆ ಇಡುತ್ತೇವೆ. ನಮ್ಮ ಮಾವನವರಿಗೆ ಮಟನ್ ಸಾರು, ಜೊತೆಗೆ ಒಂದು ಕಟ್ಟು ಬೀಡಿ. ಇಟ್ಟ ಮೇಲೆ ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ಬಂದುಬಿಡುತ್ತೇವೆ. ಮನುಷ್ಯರ ಕಣ್ಣೆದುರು ಅವರು ಉಣ್ಣುವುದಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಚಪ್ಪಾಳೆ ತಟ್ಟಿ ಒಳಗೆ ಹೋಗಬೇಕು.

ಅವತ್ತು ಬೆಳಿಗ್ಗೆ ನಮ್ಮ ಮನೆಯ ಎಡೆ ಹತ್ತು ಗಂಟೆಗೆಲ್ಲ ಆಗಿಹೋಯಿತು. ಲಿಲ್ಲಿ ಮಿಸ್ ಎಂದಿನಂತೆ ಬೀಗದ ಕೈಯನ್ನು ಅತ್ತೆಯ ಕೈಗೆ ಕೊಟ್ಟು ಚರ್ಚಿಗೆ ಹೋಗಿದ್ದರು. ಅತ್ತೆ ನನ್ನನ್ನು ಕರೆದು, “ಇನ್ನೊಂದಷ್ಟು ಬಾಳೆಲೆ ಬೇಕು, ಸಾರಕ್ಕಿ ಮಾರ್ಕೆಟ್ಟಿಗೆ ಹೋಗ್ಬಾ” ಎಂದರು.

“ಎಡೆ ಆಯ್ತಲ್ಲ ಅತ್ತೆ, ಇನ್ಯಾರಿಗೆ?”

“ಹೇಳಿದ್ದು ತತ್ತಾ.”

ಗೊಣಗಿಕೊಂಡು ಹೋದೆ. ಅಮಾವಾಸ್ಯೆಯ ದಿನ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಬರುವಾಗ ಮೋಡ ಕವಿದಿತ್ತು, ಬೀದಿಯೆಲ್ಲ ಸಾಂಬ್ರಾಣಿ ಹೊಗೆ, ಮನೆಮನೆಯ ಮಹಡಿಯ ಮೇಲೂ ಯಾರೋ ಕಾಗೆಯನ್ನು ಕರೆಯುತ್ತಿದ್ದರು. ಕಾ, ಕಾ ಎನ್ನುವ ಮನುಷ್ಯರ ದನಿಯೇ ಊರ ತುಂಬ. ಬೆಂಗಳೂರು ಅನ್ನಿಸಲಿಲ್ಲ ನನಗೆ. ಹೋದವರೆಲ್ಲ ಒಂದು ದಿನದ ಮಟ್ಟಿಗೆ ವಾಪಸು ಬಂದು ಬೀದಿಯಲ್ಲಿ ತಮ್ಮ ತಮ್ಮ ಮನೆ ಹುಡುಕಿಕೊಂಡು ಓಡಾಡುತ್ತಿದ್ದಾರೆ, ನಾನು ಅವರ ನಡುವೆ ಎಲೆಯ ಕಟ್ಟು ಹಿಡಿದು ನಡೆಯುತ್ತಿದ್ದೇನೆ ಅನ್ನಿಸಿತು. ಹೆದರಿಕೆಯೇನೂ ಆಗಲಿಲ್ಲ. ಯಾರಿಗಾದರೂ ಭುಜ ತಗುಲೀತು ಎಂದು ಸ್ವಲ್ಪ ಓರೆಯಾಗಿಯೇ ನಡೆದೆ.

ಮನೆಗೆ ಬಂದರೆ ಅತ್ತೆ ಅಡುಗೆಮನೆಯಲ್ಲಿಲ್ಲ. ಮಹಡಿಯ ಮೆಟ್ಟಿಲ ತುದಿಯಲ್ಲಿ, ನೆನಪಿನ ಕೋಣೆಯ ಮುಚ್ಚಿದ ಬಾಗಿಲ ಮುಂದೆ ಕಾಲು ಚಾಚಿ ಕೂತಿದ್ದರು. ಬಾಗಿಲ ಕೆಳಗಿನ ಸಂದಿಯಿಂದ ಹೊಗೆ ಬರುತ್ತಿತ್ತು.

“ತಡ ಮಾಡ್ದೆ. ಇದ್ದ ಎಲೇನೇ ಕೊಯ್ದು ತುಂಡು ಮಾಡಿ ಹಾಕ್ದೆ. ಮೆಲ್ಲಗೆ ಮಾತಾಡು, ಒಳಗೆ ಉಣ್ತಾವ್ರೆ” ಎಂದರು.

ನನಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. “ಅವರು ಕ್ರಿಶ್ಚಿಯನ್ನರು ಅತ್ತೆ.”

“ಆಗ್ಲಿ. ಹಸಿವು ಎಲ್ಲರಿಗೂ ಒಂದೇ. ಪಕ್ಷದಲ್ಲಿ ಎಲ್ಲರೂ ಮನೆಗೆ ಬರ್ತಾರೆ. ಇವರ ಮನೆ ಸುಟ್ಟೋಗಿದೆ ಅಂತ ನೀನೇ ಹೇಳ್ದೆ. ಬಂದೋರು ಎಲ್ಲಿಗೆ ಹೋಗ್ಬೇಕು? ಫೋಟೋ ಇಲ್ಲಿದೆ, ಇಲ್ಲಿಗೇ ಬರ್ತಾರೆ. ನಮ್ಮ ಸೂರಿನ ಕೆಳಗೆ ಇದ್ದುಕೊಂಡು ಉಪವಾಸ ಹೋಗ್ಬೇಕಾ?”

ಆಗ ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಒಂದು ಪಾತ್ರೆ ಅನ್ನಕ್ಕೆ ನೀರು ಹಾಕಿಟ್ಟದ್ದು ನೆನಪಾಯಿತು. ಆ ಕಡೆ ಜನ ಏನುಣ್ಣುತ್ತಾರೆ ಎಂದು ಅತ್ತೆ ಮಿಸ್ಸನ್ನು ಮೆಲ್ಲಗೆ ವಿಚಾರಿಸಿಕೊಂಡಿದ್ದರು. ರಾತ್ರಿ ನೀರು ಹಾಕಿಟ್ಟ ಅನ್ನ, ಈರುಳ್ಳಿ, ಹಸಿಮೆಣಸಿನಕಾಯಿ ಎಂದು ಮಿಸ್ ಹೇಳಿದ್ದರಂತೆ. ತಂಗಳನ್ನವನ್ನು ಎಡೆಗಿಡುವುದೆಂದರೆ ನಮ್ಮಲ್ಲಿ ಆಗದ ಮಾತು. ಆದರೂ ಇಟ್ಟಿದ್ದರು. “ಅವರಿಗೆ ಏನಿಷ್ಟನೋ ಅದುನ್ನೇ ಇಡ್ಬೇಕು, ನಮ್ಗೇನಿಷ್ಟ ಅಂತಲ್ಲ” ಎಂದರು.

ಆಗಲೇ ನನಗೆ ಬಿಪಿನ್ ನೆನಪಾದ. “ಅತ್ತೆ, ಕಿಟಕಿ ಪಕ್ಕದ ಫೋಟೋಗೂ ಇಟ್ರಾ?”

“ಇಡ್ದೆ? ಅವನೊಬ್ಬ ಏನ್ ಪಾಪ ಮಾಡಿದ್ದ?”

“ಅದು ಪ್ರಮಿಳನ ಗಂಡ. ಅವನು ಸತ್ತಿಲ್ಲ ಅತ್ತೆ. ಅವಳು ಕಾಯ್ತಿದ್ದಾಳೆ. ಸತ್ತವರ ಜೊತೆ ಇಡಬೇಡಿ ಅಂತ ಹೇಳೇ ಕೊಟ್ಟಿದ್ದು.”

ಅತ್ತೆಯ ಮುಖದ ಬಣ್ಣ ಹೋದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಮಾವನವರು ತೀರಿಕೊಂಡಾಗಲೂ ಆ ಮುಖ ಹಾಗಾಗಿರಲಿಲ್ಲ. ಬದುಕಿರುವವನಿಗೆ ಎಡೆ ಇಡುವುದೆಂದರೆ ನಮ್ಮಲ್ಲಿ ಅವನನ್ನು ಕೈಯಾರೆ ಕಳಿಸಿಕೊಟ್ಟ ಹಾಗೆ. ಒಳಗೆ ನುಗ್ಗಿ ಹೂವು ತೆಗೆದುಬಿಡೋಣವೆಂದು ನಾನು ಬಾಗಿಲಿಗೆ ಕೈ ಹಾಕಿದೆ. ಅತ್ತೆ ನನ್ನ ಕೈ ಹಿಡಿದುಕೊಂಡರು. ಮಿಕ್ಕವರು ಉಣ್ಣುವ ನಡುವೆ ಬಾಗಿಲು ತೆರೆಯುವುದು ಹೇಗೆ ಎಂದು ಅವರಿಗೆ, ತೆರೆಯದೆ ಬಿಡುವುದು ಹೇಗೆ ಎಂದು ನನಗೆ. ಇಬ್ಬರೂ ಹಾಗೇ ಮುಚ್ಚಿದ ಬಾಗಿಲಿಗೆ ಕಿವಿಗೊಟ್ಟು ನಿಂತೆವು. ಒಳಗೆ ಫ್ಯಾನು ತಿರುಗುವ ಸದ್ದು. ಅದರ ಜೊತೆಗೆ ಎಲೆಯ ಮೇಲೆ ಬೆರಳು ಆಡುವಂಥ ಸಣ್ಣ ಸದ್ದೂ ನನಗೆ ಕೇಳಿಸಿತು. ಗಾಳಿಗೆ ಎಲೆ ಅಲುಗಿದ್ದಿರಬೇಕು ಎಂದು ಈಗ ಹೇಳುತ್ತೇನೆ. ಆ ಕ್ಷಣ ಹಾಗನ್ನಿಸಲಿಲ್ಲ.

ಅಷ್ಟರಲ್ಲಿ ಕೆಳಗೆ ಗೇಟಿನ ಸದ್ದಾಯಿತು. ಲಿಲ್ಲಿ ಮಿಸ್ ಮುಂದೆ, ಹಿಂದೆ ಪ್ರಮಿಳಾ. ಇಸ್ತ್ರಿ ಮಾಡಿದ ನೀಲಿ ಸೀರೆ ಉಟ್ಟಿದ್ದಳು. ಮಾತಾಡುವ ದಿನವೆಂದು ಉಟ್ಟುಕೊಂಡು ಬಂದಿದ್ದಳು, ಪಾಪ. ನಾನು ಅಡ್ಡ ಹೋಗಿ, “ಕೆಳಗೆ ಕಾಫಿ ಕುಡಿದು ಬರೋಣ ಬಾ ಪ್ರಮಿಳಾ” ಎಂದೆ. ನನ್ನ ದನಿ ನನಗೇ ಸುಳ್ಳೆನಿಸಿತು. ಅವಳು ಹೊಗೆಯನ್ನೇ ನೋಡುತ್ತಿದ್ದಳು.

ಅತ್ತೆ ಮೆಲ್ಲಗೆ ಮೂರು ಸಲ ಚಪ್ಪಾಳೆ ತಟ್ಟಿ ಬಾಗಿಲು ತೆರೆದರು.

ಒಳಗೆ ಹೊಗೆಯ ನಡುವೆ ಗೋಡೆಯ ಮೇಲಿನ ಮುಖಗಳೆಲ್ಲ ಆಗ ತಾನೇ ಮಾತು ನಿಲ್ಲಿಸಿದಂತಿದ್ದವು. ಪ್ರತಿಯೊಬ್ಬರ ಗಾಜಿನ ಮೇಲೂ ಕುಂಕುಮ, ಮೇಲೆ ಒಂದೊಂದು ಸೇವಂತಿಗೆ ಹಾರ. ಕೆಳಗೆ ನೆಲದ ಮೇಲೆ ಒಬ್ಬೊಬ್ಬರಿಗೂ ಒಂದು ಎಲೆ ತುಂಡು. ಲಿಲ್ಲಿ ಮಿಸ್ ಬಾಯಿಗೆ ಕೈ ಹಚ್ಚಿಕೊಂಡು ಹೊಸ್ತಿಲಲ್ಲೇ ನಿಂತರು. ಪ್ರಮಿಳಾ ಚಪ್ಪಲಿ ಬಿಟ್ಟು ಒಳಗೆ ಹೋದಳು. ಮೊದಲನೆಯ ಎಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ನೀರನ್ನದ ಮೇಲೆ ಬೆರಳಿಟ್ಟು ನೋಡಿದಳು. ತಮ್ಮ ಭಾಷೆಯಲ್ಲಿ ಅದರ ಹೆಸರು ಹೇಳಿದಳು. ಇನ್ನೊಂದು ಸಲ ಹೇಳಿದಳು. ಆಮೇಲೆ ಮುಖವೆತ್ತಿ ಫೋಟೋದ ಮುದುಕಿಯನ್ನು ನೋಡಿ, “ಈ ಅಜ್ಜಿಗೆ ಉಪ್ಪು ಜಾಸ್ತಿ ಬೇಕು” ಎಂದಳು.

ಅತ್ತೆ ಬಗ್ಗಿ ಆ ಎಲೆಗೆ ಇನ್ನೊಂದು ಚಿಟಿಕೆ ಉಪ್ಪು ಹಾಕಿದರು.

ಹೀಗೇ ಅವಳು ಒಂದೊಂದೇ ಎಲೆ ದಾಟುತ್ತ ಹೋದಳು. ಈ ಹುಡುಗನಿಗೆ ಮೆಣಸಿನಕಾಯಿ ಆಗೋದಿಲ್ಲ, ಇವಳು ನಮ್ಮ ಪಕ್ಕದ ಮನೆ, ಇವರು ಗಂಟೆ ಹೊಡೀತಿದ್ರು. ನಾವು ಮೂವರೂ ಹಿಂದೆ ಹಿಂದೆ ಹೋದೆವು. ಅಷ್ಟು ದಿನ ಗೋಡೆಯ ಮೇಲಿದ್ದವರು ನನಗೆ ಆಗ ಊಟಕ್ಕೆ ಕೂತ ನೆಂಟರಾಗಿ ಕಂಡರು. ಸಾಲು ಮುಗಿಯದೇ ಇರಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ. ಮುಗಿಯಿತು. ಒಂದು ಮೊಳದ ಖಾಲಿ ಗೋಡೆ. ಅದರಾಚೆ ಬಿಪಿನ್, ಹಣೆಗೆ ಕುಂಕುಮ, ಕೊರಳಿಗೆ ಹಾರ, ಮುಂದೆ ಎಲೆ.

ಅವಳು ಆ ಎಲೆಯ ಮುಂದೆ ಕೂರಲಿಲ್ಲ. ಆಮೇಲೆ, “ಇವರು ಸತ್ತಿಲ್ಲ ಅಮ್ಮ” ಎಂದಳು. ಅಜ್ಜಿಗೆ ಮಾತ್ರೆ ತಗೊಳ್ಳಿ ಎಂದು ಹೇಳುವಾಗಿನ ಅದೇ ಮೆತ್ತಗಿನ ದನಿ. ಫೋಟೋವನ್ನು ಮೊಳೆಯಿಂದ ತೆಗೆದಳು. ಹಾರ ಜಾರಿ ಎಲೆಯ ಮೇಲೆ ಬಿತ್ತು.

“ಪ್ರಮಿಳಾ, ನಾನು ನಿಂಗೆ ಮಾತು ಕೊಟ್ಟಿದ್ದೆ, ನಾನು ಇಲ್ಲಿರಬೇಕಿತ್ತು” ಎಂದರು ಮಿಸ್.

“ಸರ್ಕಾರಿ ಆಫೀಸಲ್ಲಿ ಹೇಳಿದ್ರು, ಸತ್ತ. ಅಣ್ಣ ಹೇಳಿದ, ಸತ್ತ. ಚರ್ಚಲ್ಲೂ ಸತ್ತವರ ಪ್ರಾರ್ಥನೆಯಲ್ಲಿ ಹೆಸರು ಹೇಳಿದ್ರು. ಎಲ್ಲರೂ ಹೇಳ್ತಾರೆ. ಯಾರೂ ನನ್ನ ಕೇಳಲ್ಲ” ಎಂದು ಅವಳು ಫೋಟೋವನ್ನು ಎದೆಗೆ ಒತ್ತಿಕೊಂಡು ಬಾಗಿಲ ಕಡೆ ನಡೆದಳು. ಅವಳು ಹೋದರೆ ಮತ್ತೆ ಬರುವವಳಲ್ಲ ಎಂದು ನನಗೆ ಗೊತ್ತಾಯಿತು.

“ನಿಲ್ಲವ್ವ” ಎಂದರು ಅತ್ತೆ. “ಹೋಗೋದಾದ್ರೆ ಹೋಗು. ಅವನ್ನ ಹಿಂಗೆ ಕರ್ಕೊಂಡು ಹೋಗಬ್ಯಾಡ. ನಂಗೆ ಗೊತ್ತಿರಲಿಲ್ಲ. ನನ್ನ ಕೈಯಾರೆ ಇಟ್ಟಿದ್ದೀನಿ, ನನ್ನ ಕೈಯಾರೆ ಒರೆಸ್ತೀನಿ.”

ಪ್ರಮಿಳಾ ಫೋಟೋ ಬಿಡಲಿಲ್ಲ. ಅವಳ ಕೈಯಲ್ಲಿದ್ದಂತೆಯೇ ಅತ್ತೆ ಸೆರಗಿನ ತುದಿಯಿಂದ ಗಾಜನ್ನು ಒರೆಸಿದರು. ಕುಂಕುಮ ಹೋಗದೆ ಹಣೆಯ ತುಂಬ ಹರಡಿ ಇನ್ನಷ್ಟು ಕೆಂಪಾಯಿತು. ಸೆರಗನ್ನು ನೀರಿನಲ್ಲಿ ಅದ್ದಿಕೊಂಡು ಮತ್ತೆ ಒರೆಸಿದರು. ಮುಖ ಪೂರ್ತಿ ಚೊಕ್ಕಟವಾಗುವವರೆಗೆ ಒರೆಸಿದರು. ಆಮೇಲೆ ಅವನ ಮುಂದಿನ ಎಲೆಯನ್ನು ಹಾರದ ಸಮೇತ ಮಡಚಿ ಹೊರಗೆ ಇಟ್ಟುಬಂದರು. ಕಾಗೆಗೆ ಹಾಕಬೇಡ, ಕಾಗೆಗೆ ಹಾಕಿದರೆ ಹೋದವರ ಲೆಕ್ಕಕ್ಕೆ ಸೇರುತ್ತದೆ ಎಂದು ನನಗೆ ಹೇಳಿ, ಕೈ ತೊಳೆದು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದು ಹೋದರು.

ಪ್ರಮಿಳಾ ಯಾಕೆ ಹೋಗಲಿಲ್ಲವೋ ನನಗೆ ತಿಳಿಯದು. ಅಷ್ಟು ವಯಸ್ಸಾದವರು ಕೆಳಗೆ ಹೋಗಿದ್ದಾರೆ, ಮೇಲೆ ಬರುವವರೆಗೆ ಹೋಗಬಾರದು ಎಂದಿರಬಹುದು.

ಅತ್ತೆ ಬಂದಾಗ ಅವರ ಕೈಯಲ್ಲಿ ನಮ್ಮ ಮನೆಯ ದಿನಬಳಕೆಯ ಸ್ಟೀಲ್ ತಟ್ಟೆ. ಬಿಸಿ ಅನ್ನ, ಮಟನ್ ಸಾರು, ಎರಡು ವಡೆ, ಪಕ್ಕದಲ್ಲಿ ಈರುಳ್ಳಿ. ನೆಲಕ್ಕೆ ಇಡಲಿಲ್ಲ. ಲಿಲ್ಲಿ ಮಿಸ್ಸಿನ ಅಡುಗೆಕಟ್ಟೆಯ ಮೇಲೆ ಇಟ್ಟು, ಅದರ ಮೇಲೆ ಇನ್ನೊಂದು ತಟ್ಟೆ ಬೋರಲು ಹಾಕಿದರು. ಯಜಮಾನರು ಲೇಟಾಗಿ ಬರುವ ದಿನ ನಾವು ಇಡುವುದು ಹಾಗೆಯೇ.

“ನೋಡವ್ವ” ಎಂದರು. “ಹೋದೋರಿಗೆ ತೆರೆದಿಡ್ತೀವಿ. ಬರೋರಿಗೆ ಮುಚ್ಚಿಡ್ತೀವಿ. ಇವತ್ತು ನಿನ್ನ ಗಂಡನಿಗೆ ಮುಚ್ಚಿಟ್ಟಿದ್ದೀನಿ. ಬರೋ ವರ್ಷ ಇಡೋಕೆ ಮುಂಚೆ ನಿನ್ನ ಕೇ‍ಳ್ತೀನಿ. ಅದರ ಮುಂದಿನ ವರ್ಷನೂ ಕೇಳ್ತೀನಿ. ನೀನು ಹೆಂಗೆ ಹೇಳ್ತೀಯೋ ಹಂಗೆ. ನೀನು ಹೇಳ್ದೆ ನಾನು ತೆರೆದಿಡಲ್ಲ.”

ಪ್ರಮಿಳಾಗೆ ಅಷ್ಟನ್ನೂ ಅರ್ಥ ಮಾಡಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. “ಕೇಳ್ತೀರಾ?” ಎಂದಳು.

“ಕೇಳ್ತೀನಿ.”

ಅವಳು ಗೋಡೆಗೊರಗಿ ಹಾಗೇ ಕುಸಿದು ಕೂತಳು. ಅತ್ತದ್ದನ್ನು ನಾನು ವರ್ಣಿಸುವುದಿಲ್ಲ. ಎಷ್ಟೋ ವರ್ಷ ಅಳುವುದಕ್ಕೂ ಅವಳು ಹೆದರಿದ್ದಳು, ಅತ್ತರೆ ಅವನು ಸತ್ತನೆಂದು ತಾನೇ ಒಪ್ಪಿಕೊಂಡ ಹಾಗಾಗುತ್ತದೆ ಎಂದು. ಇದು ಆಮೇಲೆ ಮಿಸ್ ಹೇಳಿದ್ದು. ಅತ್ತೆ ಅವಳ ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈ ಇಟ್ಟುಕೊಂಡಿದ್ದರು.

ಮಧ್ಯಾಹ್ನ ಅವಳೇ ರೆಕಾರ್ಡರು ಕೇಳಿದಳು. ತನ್ನ ಭಾಷೆಯಲ್ಲಿ ಸಂಜೆಯವರೆಗೂ ಮಾತಾಡಿದಳು. ಫೋಟೋ ಮಡಿಲಲ್ಲೇ ಇತ್ತು. ನಾನು ಮೆಟ್ಟಿಲಲ್ಲಿ ಕೂತು ಕೇಳಿಸಿಕೊಂಡೆ, ಆದರೆ ಅವತ್ತು ದಾರ ಮುಟ್ಟಲಿಲ್ಲ. ಮುಗಿದ ಮೇಲೆ ಫೋಟೋವನ್ನು ತಾನೇ ಮತ್ತೆ ಮೊಳೆಗೆ ಹಾಕಿದಳು. ಹೊರಡುವ ಮುಂಚೆ ಅಡುಗೆಕಟ್ಟೆಯ ಹತ್ತಿರ ಹೋಗಿ ಮೇಲಿನ ತಟ್ಟೆ ತೆಗೆದಳು. ಅನ್ನ ತಣ್ಣಗಾಗಿತ್ತು.

“ಬಿಸಿ ಮಾಡಿಕೊಡ್ಲಾ?” ಎಂದು ಕೇಳಿದೆ.

“ಬೇಡ ಅಕ್ಕ. ಅವರು ಲೇಟ್ ಆದ್ರೆ ನಾನೇ ತಿಂತಿದ್ದೆ. ಬೈತಿದ್ರು, ನನಗೆ ಯಾಕೆ ಉಳಿಸಿಲ್ಲ ಅಂತ” ಎಂದು ನಕ್ಕಳು. ನಿಂತುಕೊಂಡೇ ಒಂದಗುಳು ಬಿಡದೆ ಉಂಡಳು.

ಈ ಸಲ ಪಕ್ಷ ಹತ್ತಿರ ಬರುತ್ತಿದೆ ಎನ್ನುವಾಗ ಅತ್ತೆ ನನ್ನ ಫೋನಿನಿಂದ ಪ್ರಮಿಳಾಗೆ ಕರೆ ಮಾಡಿಸಿದರು. ಯೋಗಕ್ಷೇಮವೆಲ್ಲ ಆಯಿತು. ಆಮೇಲೆ ಅತ್ತೆ ಗಂಟಲು ಸರಿಮಾಡಿಕೊಂಡು, “ಈ ವರ್ಷ ಹೆಂಗವ್ವ, ತೆರೆದಿಡ್ಲಾ, ಮುಚ್ಚಿಡ್ಲಾ?” ಎಂದು ಕೇಳಿದರು. ಜಯನಗರದ ಆ ಮನೆಯ ಗೋಡೆ ಗಡಿಯಾರದ ಸದ್ದು ನಮಗೆ ಕೇಳುತ್ತಿತ್ತು. ಅತ್ತೆ ಅವಸರ ಮಾಡಲಿಲ್ಲ. ಸ್ಪೀಕರಿಗೆ ಹಾಕಿದ ಫೋನನ್ನು ಅಂಗೈಯಲ್ಲಿ ಹಿಡಿದುಕೊಂಡು ಕಾಯುತ್ತಿದ್ದರು.

“ಮುಚ್ಚಿಡಿ ಅಮ್ಮ” ಎಂದಳು ಪ್ರಮಿಳಾ.

“ಆಯ್ತು ಕಣವ್ವ” ಎಂದರು ಅತ್ತೆ.

ಯಜಮಾನರು ಲೇಟಾಗುವ ದಿನ ನಾನು ಈಗಲೂ ಗೊಣಗಿಕೊಂಡೇ ತಟ್ಟೆ ಮುಚ್ಚಿಡುತ್ತೇನೆ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿಗೂ ನನಗೂ ಹಳೆಯ ಜಗಳ. ಆದರೆ ಮೇಲಿನ ತಟ್ಟೆಯನ್ನು ಬೋರಲು ಹಾಕುವಾಗ ಒಂದು ಗಳಿಗೆ ಕೈ ನಿಂತುಬಿಡುತ್ತದೆ. ಇವರು ಬಂದೇ ಬರುತ್ತಾರೆ, ಬಂದು ಸಾರಿಗೆ ಉಪ್ಪು ಕಮ್ಮಿ ಎನ್ನುತ್ತಾರೆ ಎಂದು ನನಗೆ ಗೊತ್ತಿರುತ್ತದಲ್ಲ, ಅಷ್ಟು ದೊಡ್ಡ ಭಾಗ್ಯವನ್ನು ನಾನು ಇಷ್ಟು ವರ್ಷ ಬರೀ ಗೊಣಗುತ್ತಲೇ ಕಳೆದೆನಲ್ಲ ಎನ್ನಿಸುತ್ತದೆ. ಆಮೇಲೆ ಕೆಳಗೆ ಗೇಟಿನ ಸದ್ದಾಗುತ್ತದೆ, ನಾನು ಸಾರು ಬಿಸಿಗಿಡುತ್ತೇನೆ.